ಗಾಳದ ಸೀಸದ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುವವರಿಗೆ

ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮನೆಯಲ್ಲಿ ಎರಕ ಹೊಯ್ಯಲು ಹೊರಟವರು ಮೊದಲು ಅಚ್ಚಿನ ಬಗ್ಗೆ ಯೋಚಿಸುವುದು ಒಳ್ಳೆಯದು. ಅಲ್ಯೂಮಿನಿಯಂ ಅಚ್ಚು ಹಗುರ, ಬೇಗ ಬಿಸಿಯಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಕಬ್ಬಿಣದ್ದು ಹೆಚ್ಚು ಬಾಳಿಕೆ ಬಂದರೂ ಭಾರವಾದುದರಿಂದ ಕೈ ಸೋಲುತ್ತದೆ, ಎಣ್ಣೆ ಸವರಿಡದಿದ್ದರೆ ತುಕ್ಕೂ ಹಿಡಿಯುತ್ತದೆ. ಹೊಸಬರಿಗೆ ಎರಡು ಗುಳಿಗಳ ಅಲ್ಯೂಮಿನಿಯಂ ಅಚ್ಚೇ ಸಾಕೆಂಬುದು ನನ್ನ ಅಭಿಪ್ರಾಯ. ಮೊದಲ ಕೆಲವು ಗುಂಡುಗಳು ಸುಕ್ಕುಗಟ್ಟಿ ಬಂದರೆ ಅಚ್ಚು ಇನ್ನೂ ತಣ್ಣಗಿದೆ ಎಂದರ್ಥ. ಅವನ್ನು ಮತ್ತೆ ಕರಗಿಸಿದರಾಯಿತು.

ಶುದ್ಧ ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸತುವಿಗೆ ಸುಮಾರು 420 ಡಿಗ್ರಿ ಬೇಕು. ಆದ್ದರಿಂದ ಗುಜರಿ ಸೀಸವನ್ನು ಹದವಾದ ಉರಿಯಲ್ಲಿ ಕರಗಿಸಿದರೆ ಅದರಲ್ಲಿ ಸೇರಿಕೊಂಡ ಸತುವಿನ ತುಂಡುಗಳು ಕರಗದೆ ಮೇಲೆ ತೇಲುತ್ತವೆ, ಸೌಟಿನಿಂದ ತೆಗೆದುಬಿಡಬಹುದು. ಹಳೆಯ ಬ್ಯಾಟರಿಯ ಸೀಸವನ್ನು ಮಾತ್ರ ಮುಟ್ಟಲೇಬೇಡಿ. ಅದರಿಂದ ಪ್ರಾಣಾಂತಿಕ ವಿಷಾನಿಲ ಹುಟ್ಟಬಹುದು.

ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಕರಗಿದ ಸೀಸದೊಳಗೆ ಒಂದು ಹನಿ ಹೊಕ್ಕರೂ ಅದು ತಕ್ಷಣ ಆವಿಯಾಗಿ ಸೀಸವನ್ನು ಸುತ್ತಲೂ ಸಿಡಿಸುತ್ತದೆ. ಆದಕಾರಣ ಅಚ್ಚು, ಸೌಟು, ಹೊಸದಾಗಿ ಹಾಕುವ ತುಂಡು ಎಲ್ಲವೂ ಪೂರ್ತಿ ಒಣಗಿರಬೇಕು. ಕನ್ನಡಕ, ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿಯ ಅಂಗಿ ಧರಿಸಿರಬೇಕು. ಕೆಲಸ ಬಯಲಲ್ಲೇ ನಡೆಯಲಿ, ಮಕ್ಕಳೂ ಗರ್ಭಿಣಿಯರೂ ಹತ್ತಿರ ಬರದಿರಲಿ. ಇದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆ ಸೇರಬಾರದು. ಮೇಲೆ ಕಟ್ಟುವ ಬೂದಿಯಂಥ ಕಿಟ್ಟದಲ್ಲೂ ಸೀಸವಿರುವುದರಿಂದ ಅದನ್ನು ಮುಚ್ಚಳದ ಡಬ್ಬಿಯಲ್ಲಿಡಿ, ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಿಸಿ.