ಜಡಿಮಳೆಗೆ ಬಟ್ಟೆ ಹೊಂದಿಸುವುದು: ಆಗುಂಬೆ ಸೀಮೆಯ ನನ್ನ ಅನುಭವ

ಮಲೆನಾಡಿನ ಮಳೆಗಾಲ ಎಂದರೆ ದಪ್ಪ ಬಟ್ಟೆ ಬೇಕು ಎಂದುಕೊಂಡು ಜೀನ್ಸ್, ಹತ್ತಿಯ ಸ್ವೆಟರ್ ತುಂಬಿಕೊಂಡು ಬರುವವರೇ ಹೆಚ್ಚು. ಎರಡನೇ ದಿನಕ್ಕೆ ಅವೆರಡೂ ಒದ್ದೆಯಾಗುತ್ತವೆ, ವಾರವಾದರೂ ಒಣಗುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ನಾವು ಉಡುಪು ಆರಿಸುವಾಗ ಮೊದಲು ನೋಡುವುದು ಅದು ಒಣಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು. ಬೆಚ್ಚಗಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಮೃಗಶಿರ ಮಳೆ ಹಿಡಿಯುವ ಮುಂಚೆಯೇ, ಮೇ ಕೊನೆಯ ವಾರದ ಬಿಸಿಲಿನಲ್ಲಿ, ಕಪಾಟು ಖಾಲಿ ಮಾಡುತ್ತೇನೆ. ಜೀನ್ಸ್, ಟರ್ಕಿ ಟವೆಲು, ಒಳಪದರವಿರುವ ಚೂಡಿದಾರ, ಗಂಜಿ ಹಾಕಿದ ಸೀರೆ ಎಲ್ಲ ಟ್ರಂಕಿಗೆ ಹೋಗುತ್ತವೆ. ಗಂಜಿ ಇದ್ದದ್ದನ್ನು ಒಗೆದು ಗಂಜಿ ಬಿಡಿಸಿಯೇ ಇಡಬೇಕು. ಬೂಸ್ಟಿಗೆ ಗಂಜಿಗಿಂತ ಒಳ್ಳೆಯ ಆಹಾರವಿಲ್ಲ. ಹೊರಗೆ ಉಳಿಯುವುದು ಟೆರಿಕಾಟ್ ಅಂಗಿ, ಪಾಲಿಯೆಸ್ಟರ್ ಸೀರೆ, ತೆಳು ಪಂಚೆ, ಮೈ ಒರೆಸಲು ಹಳೆಯ ಪಂಚೆಯ ತುಂಡುಗಳು. ಬೇಸಗೆಯಲ್ಲಿ ಒಬ್ಬರಿಗೆ ಮೂರು ಜೊತೆ ಸಾಕು. ಮಳೆಗಾಲಕ್ಕೆ ಆರು ಬೇಕು: ಒಂದು ಮೈಮೇಲೆ, ಒಂದು ತೋಟಕ್ಕೆ, ಮೂರು ಹಗ್ಗದ ಮೇಲೆ, ಒಂದು ಏನೇ ಆದರೂ ಮುಟ್ಟದ ಒಣ ಜೊತೆ.

ತೋಟದ ಜೊತೆಯ ವಿಷಯದಲ್ಲಿ ಒಂದು ಕಟ್ಟುನಿಟ್ಟು ಇದೆ. ಬೆಳಗ್ಗೆ ನೆನೆದದ್ದನ್ನು ಮಧ್ಯಾಹ್ನ ಊಟಕ್ಕೆ ಬಂದಾಗ ಕಳಚಿ ಹಿಂಡಿ, ಮತ್ತೆ ಹೋಗುವಾಗ ಆ ಒದ್ದೆಯನ್ನೇ ಉಡಬೇಕು. ಹಾಕಿಕೊಳ್ಳುವ ಆ ಐದು ನಿಮಿಷ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಪ್ರತಿ ಸಲವೂ ಒಣಗಿದ್ದನ್ನು ಉಟ್ಟು ಹೋದರೆ ಪುನರ್ವಸು ಮಳೆಯ ಹೊತ್ತಿಗೆ ಮನೆಯಲ್ಲಿ ಒಣಬಟ್ಟೆಯೇ ಇರುವುದಿಲ್ಲ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ದಿನಕ್ಕೆ ಇನ್ನೊಂದು ಹಳೆಯ ಅಂಗಿ ಪ್ರತ್ಯೇಕ ಇರಲಿ. ಮೈಲುತುತ್ತದ ನೀಲಿ ಕಲೆ ಸೋಪಿಗೆ ಜಗ್ಗುವುದಿಲ್ಲ, ಕೂಡಲೇ ನಿಂಬೆರಸ ಹಾಕಿ ಉಜ್ಜಿದರೆ ಬಹುಪಾಲು ಬಿಡುತ್ತದೆ.

ಹೊದೆಯುವುದಕ್ಕೆ ಪ್ಲಾಸ್ಟಿಕ್ ಕೊಪ್ಪೆ, ಅಂದರೆ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಹೊದಿಕೆ, ಹಗುರ, ಅಗ್ಗ. ಆದರೆ ಅದರೊಳಗೆ ಬೆವರು ಹೊರಹೋಗದೆ, ಮಳೆಯಲ್ಲಿ ನೆನೆಯದಿದ್ದರೂ ಬೆವರಿನಲ್ಲಿ ನೆನೆಯುತ್ತೇವೆ. ಗದ್ದೆಯ ಅಂಚಿನಲ್ಲಿ ನಿಂತು ನೋಡಿಕೊಳ್ಳುವ ಕೆಲಸಕ್ಕೆ, ದನ ಮೇಯಿಸಲು, ನನ್ನ ಮಟ್ಟಿಗೆ ಕಂಬಳಿಯನ್ನು ಮೀರಿಸುವುದು ಬಂದಿಲ್ಲ. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಹೀರುವಾಗ ತುಸು ಬಿಸಿಯನ್ನೂ ಬಿಡುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಕಂಬಳಿಗೆ ನೇಯುವಾಗ ಹುಣಸೆಬೀಜದ ಸರಿ (ಅಂಟುಗಂಜಿ) ಬಳಿದಿರುತ್ತಾರೆ. ಅದರ ಬಿರುಸಿಗೆ ಹನಿ ಒಳಗಿಳಿಯದೆ ಜಾರುತ್ತದೆ. ರಾಜ್ಯದಲ್ಲೇ ಕಡಿಮೆ ಮಳೆ ಕಾಣುವ ಸೀಮೆಯವರು ನೇಯ್ದದ್ದು ಹೆಚ್ಚು ಮಳೆಯ ಸೀಮೆಯವರ ಬೆನ್ನು ಕಾಯುತ್ತದೆ ಎನ್ನುವುದು ಪ್ರತಿ ವರ್ಷ ಕಂಬಳಿ ಕೆಳಗಿಳಿಸುವಾಗ ನೆನಪಾಗುತ್ತದೆ.

ಕೊಪ್ಪೆ ಮಾಡಲು ಕಂಬಳಿಯನ್ನು ಉದ್ದಕ್ಕೆ ಎರಡಾಗಿ ಮಡಿಚಿ, ಒಂದು ತುದಿಯ ಎರಡು ಅಂಚನ್ನು ಸೇರಿಸಿ ದಬ್ಬಳದಲ್ಲಿ ಹೊಲಿದುಬಿಡಿ. ಹೊಲಿದ ತುದಿ ತಲೆಗೆ, ಮಡಿಕೆ ಬೆನ್ನಿಗೆ. ಗೋಣಿಚೀಲವಾದರೆ ತಳದ ಒಂದು ಮೂಲೆಯನ್ನು ಇನ್ನೊಂದರ ಒಳಕ್ಕೆ ತೂರಿಸಿದರೆ ಆಯಿತು. ಕಂಬಳಿಯನ್ನು ಸೋಪಿನ ಪುಡಿಯಲ್ಲಿ ನೆನೆಸಲೇಬಾರದು. ಉಣ್ಣೆಯ ಜಿಡ್ಡು, ಹುಣಸೆ ಸರಿ ಎರಡೂ ಹೋಗಿ ಅದು ಬರೀ ನೀರು ಕುಡಿಯುವ ಚಿಂದಿಯಾಗುತ್ತದೆ. ಕೊಡವಿ, ಬಚ್ಚಲೊಲೆಯಿಂದ ಆರೇಳು ಅಡಿ ದೂರದ ಗಳದ ಮೇಲೆ ಹಾಕಿದರೆ ಸಾಕು.

ಇನ್ನು ಒಣಗಿಸುವುದು. ಎಲ್ಲರೂ ಎಡವುವುದು ಇಲ್ಲೇ. ನಾಲ್ಕು ಕೆ.ಜಿ. ಬಟ್ಟೆ ಕೈಯಲ್ಲಿ ಹಿಂಡಿದ ಮೇಲೂ ಸುಮಾರು ಮೂರು ಲೀಟರ್ ನೀರು ಹಿಡಿದುಕೊಂಡಿರುತ್ತದೆ ಎಂದಿಟ್ಟುಕೊಳ್ಳಿ. ಅಷ್ಟನ್ನೂ ಗಾಳಿ ಹೊರಬೇಕು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ. ಜಡಿ ಹಿಡಿದಾಗ ಅಷ್ಟೂ ತುಂಬಿಯೇ ಇರುತ್ತದೆ. ಆದ್ದರಿಂದಲೇ ಜಗಲಿಯಲ್ಲಿ ಎಷ್ಟು ದಿನ ತೂಗುಹಾಕಿದರೂ ಒಣಗದು, ಬರೀ ಫ್ಯಾನಿನಿಂದಲೂ ಹೆಚ್ಚೇನೂ ಆಗದು. ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ 30 ಗ್ರಾಂ ಹಿಡಿಯುತ್ತದೆ, ಅಂದರೆ ಇನ್ನೂ 13 ಗ್ರಾಂಗೆ ಜಾಗವಾಯಿತು. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 28 ಘನ ಮೀಟರ್ ಗಾಳಿ, ಹೆಚ್ಚುವರಿಯಾಗಿ ಹಿಡಿಯುವುದು ಮುನ್ನೂರೈವತ್ತು ಗ್ರಾಂ ಚಿಲ್ಲರೆ. ಮೂರು ಲೀಟರ್ ಹೋಗಬೇಕಾದರೆ ಆ ಗಾಳಿ ಎಂಟು ಸಲವಾದರೂ ಬದಲಾಗಬೇಕು.

ಈ ಲೆಕ್ಕದಿಂದಲೇ ನಮ್ಮ ಬಚ್ಚಲುಮನೆಯ ಏರ್ಪಾಡು. ಹಂಡೆಯ ಒಲೆಯ ಪಕ್ಕಕ್ಕೆ, ನೇರ ಮೇಲಕ್ಕಲ್ಲ, ಎಂಟಡಿ ಎತ್ತರದಲ್ಲಿ ನಾಲ್ಕು ಬಿದಿರು ಗಳ, ಒಂದರಿಂದೊಂದು ಒಂದಡಿ ದೂರ. ಎದುರು ಗೋಡೆಯ ಬುಡದಲ್ಲಿ ಒಂದು ಗವಾಕ್ಷಿ, ಮಾಡಿನ ತುದಿಯಲ್ಲಿ ಎರಡು ಹಂಚು ಎತ್ತಿಟ್ಟ ಸಂದು. ಬಿಸಿ ಹೊರಗೆ ಹೋಗುತ್ತದೆಂದು ಸಂದು ಮುಚ್ಚಿದರೆ ಕೋಣೆ ಹಬೆಮನೆಯಾಗಿ ಬಟ್ಟೆ ಮತ್ತೆ ಒದ್ದೆಯಾಗುತ್ತದೆ. ಕಟ್ಟಿಗೆ ಕಳೆದ ಬೇಸಗೆಯದ್ದೇ ಆಗಿರಬೇಕು. ಹಸಿ ಸೌದೆಯ ಹೊಗೆಗೆ ಬಿಳಿ ಬಟ್ಟೆ ಹಳದಿಯಾಗುತ್ತದೆ, ಆ ಬಣ್ಣ ಮತ್ತೆ ಬಿಡುವುದಿಲ್ಲ. ಅಂಗಿಯನ್ನು ತಿರುಗಿಸಿ, ಜೇಬು ಹೊರಗೆಳೆದು, ಕಾಲರು ಮೇಲೆತ್ತಿ ಹಾಕುತ್ತೇವೆ. ಒಣಗಿತೋ ಇಲ್ಲವೋ ಎಂದು ಕೈಯಿಂದ ನೋಡಿದರೆ ಮೋಸ ಹೋಗುತ್ತೀರಿ, ತಣ್ಣಗಿದ್ದದ್ದೆಲ್ಲ ಒದ್ದೆ ಅನ್ನಿಸುತ್ತದೆ. ಸೊಂಟಪಟ್ಟಿಯ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿ.

ಒಲೆ ಇಲ್ಲದ ಮನೆಯಲ್ಲಿ ಮಷಿನ್ನಿನ ಸ್ಪಿನ್ ಎರಡು ಸಲ ಓಡಿಸಿ, ಫ್ರಿಜ್ಜಿನ ಹಿಂದಿನ ಬಿಸಿ ಗಾಳಿ ಬರುವ ಕಡೆ ಹಗ್ಗ ಕಟ್ಟಿ. ಮಗುವಿನ ಬಟ್ಟೆಗೆ ಮಾತ್ರ ಬುಟ್ಟಿಯ ಉಪಾಯವೇ ಬೇಕು: ಅಗಲದ ಬಿದಿರು ಬುಟ್ಟಿಯನ್ನು ಬೂದಿ ಮುಚ್ಚಿದ ಕೆಂಡದ ಮೇಲೆ ಕವುಚಿ, ಅದರ ಬೆನ್ನಿಗೆ ಲಂಗೋಟಿ ಹರವುವುದು. ಬಾಗಿಲು ತೆರೆದಿರಬೇಕು, ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕು.

ಅರೆ ಒಣಗಿದ್ದನ್ನು ಮಡಿಚಿಟ್ಟರೆ ಮುಗ್ಗಲು ಹಿಡಿಯುತ್ತದೆ. ಬರೀ ವಾಸನೆಯಾದರೆ ಬಿಸಿನೀರಿನಲ್ಲಿ ಇನ್ನೊಮ್ಮೆ ಒಗೆದು ಬಿಡಿಸಬಹುದು. ಕರಿ ಚುಕ್ಕೆ ಬಿದ್ದರೆ ಹತ್ತಿಯಿಂದ ಅದನ್ನು ಬಿಡಿಸುವುದು ಬಲು ಕಷ್ಟ.

ಟ್ರಂಕಿನಲ್ಲಿರುವ ರೇಷ್ಮೆ ಸೀರೆಗಳನ್ನು ಮಳೆಗಾಲ ಪೂರ್ತಿ ತೆರೆಯಬಾರದು, ನಡುವೆ ಒಂದು ಹೊಳ (ಮಳೆ ಬಿಟ್ಟು ಬಿಸಿಲು) ಬಂದರೂ ಸರಿ. ತೆರೆದಾಗ ಒಳಗೆ ಹೋಗುವುದು ಒದ್ದೆ ಗಾಳಿಯೇ. ಚೌತಿಗೆ ಬೇಕಾದ ಒಂದೆರಡನ್ನು ಮೇ ತಿಂಗಳಲ್ಲೇ ಬೇರೆ ಡಬ್ಬದಲ್ಲಿಡಿ. ಉಳಿದವಕ್ಕೆ ಹಳೆಯ ಪಂಚೆ ಸುತ್ತಿ. ಪ್ಲಾಸ್ಟಿಕ್ ಬೇಡ, ಜರಿಗೆ ತಾಗುವಂತೆ ನುಸಿಗುಳಿಗೆಯೂ ಬೇಡ. ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ ಹೊರತೆಗೆದು, ನೆರಳಲ್ಲಿ ಎರಡು ಗಂಟೆ ಹರವಿ, ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಚಿಡುತ್ತೇವೆ.