ಪ್ಯಾಲೆಸ್ತೀನ್ ವಿಶ್ವವಿದ್ಯಾಲಯಗಳ ಶೈಕ್ಷಣಿಕ ಸ್ವಾತಂತ್ರ್ಯ: ವರದಿಗಳನ್ನು ಪರಿಶೀಲಿಸಿ ಬರೆಯುವ ಕ್ರಮ

ಪ್ಯಾಲೆಸ್ತೀನ್‌ನ ಪ್ರಾಧ್ಯಾಪಕರೊಬ್ಬರ ಬಾಯಿ ಮುಚ್ಚಿಸಲಾಯಿತು ಎಂಬ ವರದಿಯನ್ನು ಆಧರಿಸಿ ಬರೆಯುವ ಮುನ್ನ, ಆ ಸಂಸ್ಥೆ ಎಲ್ಲಿದೆ, ಆಗ ಅಲ್ಲಿ ಯಾರ ಅಧಿಕಾರ ನಡೆಯುತ್ತಿತ್ತು ಎಂಬುದನ್ನು ಖಚಿತಪಡಿಸಿಕೊಳ್ಳಿ. ಪಶ್ಚಿಮ ದಂಡೆಯ ನಗರಗಳಲ್ಲಿ ಸೀಮಿತ ಸ್ವಯಮಾಡಳಿತ ನಡೆಸುವ ಪ್ಯಾಲೆಸ್ತೀನ್ ಪ್ರಾಧಿಕಾರದ ಭದ್ರತಾ ಪಡೆಗಳಿದ್ದರೂ ಇಸ್ರೇಲಿ ಸೇನೆ ಬೇಕೆಂದಾಗ ಒಳಬರುತ್ತದೆ. ಗಾಜಾ 2007ರಲ್ಲಿ ಇಸ್ಲಾಮಿಕ್ ಸಂಘಟನೆ ಹಮಾಸ್‌ನ ಆಡಳಿತಕ್ಕೆ ಒಳಪಟ್ಟಿತು.

ಬಳಿಕ ನಿರ್ಬಂಧ ಹೇರಿದವರು ಯಾರೆಂದು ಕೇಳಿ. ಇದೇ ಅತಿ ಮುಖ್ಯವಾದ ಪ್ರಶ್ನೆ, ಅವಸರದ ಬರವಣಿಗೆಯಲ್ಲಿ ತಪ್ಪಿಹೋಗುವುದೂ ಇದೇ. ರಮಲ್ಲಾ ಬಳಿಯ ಬಿರ್‌ಝೈತ್ ಸಂಸ್ಥೆಯ ಮುಖ್ಯಸ್ಥ ಹನ್ನಾ ನಾಸಿರ್ ಅವರನ್ನು 1974ರಲ್ಲಿ ಲೆಬನಾನ್‌ಗೆ ಗಡೀಪಾರು ಮಾಡಿದ್ದು ಇಸ್ರೇಲಿ ಸೇನಾಡಳಿತ. ಅವರು ಮರಳಲು ಸಾಧ್ಯವಾದದ್ದು 1993ರಲ್ಲಿ. 1988ರಿಂದ 1992ರವರೆಗೆ ಅದೇ ವಿಶ್ವವಿದ್ಯಾಲಯವನ್ನು ಸೇನಾ ಆದೇಶದಿಂದ ಮುಚ್ಚಿದಾಗ ಬೋಧಕರು ಮನೆಗಳಲ್ಲಿ ಪಾಠ ಮಾಡಿದರು. ಆದರೆ 1999ರಲ್ಲಿ ಪ್ರಾಧಿಕಾರದ ಭ್ರಷ್ಟಾಚಾರವನ್ನು ಖಂಡಿಸಿ ಇಪ್ಪತ್ತು ಮಂದಿ ಸಹಿ ಹಾಕಿದ ಹೇಳಿಕೆಗಾಗಿ ಅನ್-ನಜಾಹ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಬ್ದುಲ್ ಸತ್ತಾರ್ ಖಾಸಿಂ ಅವರನ್ನು ಸೆರೆಗೆ ಹಾಕಿದ್ದು ಪ್ಯಾಲೆಸ್ತೀನ್ ಪ್ರಾಧಿಕಾರವೇ. 2014ರಲ್ಲಿ ಅಲ್-ಖುದ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮೊಹಮ್ಮದ್ ದಜಾನಿ ತಮ್ಮ ವಿದ್ಯಾರ್ಥಿಗಳನ್ನು, ನಾಜಿಗಳು ಯಹೂದಿಗಳ ಸಾಮೂಹಿಕ ಹತ್ಯೆ ನಡೆಸಿದ ಆಶ್‌ವಿಟ್ಜ್ ಶಿಬಿರಕ್ಕೆ ಕರೆದೊಯ್ದಾಗ ಒತ್ತಡ ಬಂದದ್ದು ಸ್ವಂತ ಸಮಾಜದಿಂದ. ಅವರಿಗೆ ದ್ರೋಹಿಯೆಂಬ ಹಣೆಪಟ್ಟಿ, ಬೆದರಿಕೆಗಳು ಎದುರಾದವು, ಅವರ ರಾಜೀನಾಮೆಯನ್ನು ವಿಶ್ವವಿದ್ಯಾಲಯ ಅಂಗೀಕರಿಸಿತು. ಒಬ್ಬರ ದಬ್ಬಾಳಿಕೆಯನ್ನು ಮುಂದಿಟ್ಟು ಇನ್ನೊಬ್ಬರದನ್ನು ಮರೆಮಾಚುವ ಬರಹ, ಅದು ಯಾವ ಪಕ್ಷದ್ದಾಗಿದ್ದರೂ, ಆ ಅಧ್ಯಾಪಕರಿಗೆ ಅನ್ಯಾಯ ಮಾಡುತ್ತದೆಂದೇ ನಾನು ನಂಬುತ್ತೇನೆ.

ಮೂರನೆಯದಾಗಿ, ಕಾನೂನಿನ ಮಾತನ್ನೂ ಆಚರಣೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. 2003ರ ಪ್ಯಾಲೆಸ್ತೀನ್ ಮೂಲ ಕಾನೂನಿನ 24ನೇ ವಿಧಿ ವಿಶ್ವವಿದ್ಯಾಲಯಗಳ ಸ್ವಾಯತ್ತತೆಗೂ ಸಂಶೋಧನೆಯ ಸ್ವಾತಂತ್ರ್ಯಕ್ಕೂ ಖಾತರಿ ನೀಡುತ್ತದೆ. ಆದರೆ 2017ರ ಸೈಬರ್ ಅಪರಾಧ ಕಾನೂನು ಅಂತರ್ಜಾಲದ ಅಭಿಪ್ರಾಯಗಳಿಗೂ ಶಿಕ್ಷೆ ವಿಧಿಸಲು ಅವಕಾಶ ಕೊಟ್ಟಿತು.

ವಿದ್ಯಾರ್ಥಿ ಪರಿಷತ್ತಿನ ಚುನಾವಣೆಯನ್ನು ಕಡೆಗಣಿಸಬೇಡಿ. 2006ರ ನಂತರ ಶಾಸನಸಭೆಗೆ ಚುನಾವಣೆಯೇ ನಡೆಯದ ನಾಡಿನಲ್ಲಿ ಜನಾಭಿಪ್ರಾಯ ಬಹಿರಂಗವಾಗಿ ಕಾಣಿಸುವ ಕೆಲವೇ ಕಡೆಗಳಲ್ಲಿ ಅದೂ ಒಂದು. ಬಿರ್‌ಝೈತ್‌ನಲ್ಲಿ 2022ರಲ್ಲಿ ಹಮಾಸ್ ಪರ ಬಣ 51ರಲ್ಲಿ 28 ಸ್ಥಾನ ಗೆದ್ದಿತು. ಇಂತಹ ಫಲಿತಾಂಶವನ್ನು ವರದಿ ಮಾಡುವಾಗ, ಮತದಾನದ ಮೊದಲೂ ನಂತರವೂ ಯಾವ ಬಣದವರು ಬಂಧನಕ್ಕೊಳಗಾದರು, ಬಂಧಿಸಿದವರು ಇಸ್ರೇಲಿಗಳೋ ಪ್ರಾಧಿಕಾರದವರೋ ಎಂಬುದನ್ನು ವಿಚಾರಿಸಿ.

ಗಾಜಾದ ವಿಷಯದಲ್ಲಿ ಈ ಪ್ರಶ್ನೆಗಳಷ್ಟೇ ಸಾಲವು. ಅಲ್ಲಿನ ಇಸ್ಲಾಮಿಕ್ ವಿಶ್ವವಿದ್ಯಾಲಯದ ಅಧ್ಯಕ್ಷ ಸುಫ್ಯಾನ್ ತಾಯೆ 2023ರ ಡಿಸೆಂಬರ್‌ನಲ್ಲಿ ವಾಯುದಾಳಿಗೆ ಬಲಿಯಾದರು. 2024ರ ಜನವರಿಯಲ್ಲಿ ಇಸ್ರೇಲಿ ಸೇನೆ ಇಸ್ರಾ ವಿಶ್ವವಿದ್ಯಾಲಯದ ಕಟ್ಟಡವನ್ನು ಸ್ಫೋಟಿಸಿ ಕೆಡವಿತು. ಆದ್ದರಿಂದ ಅಲ್ಲಿ ಮಾತಿನ ಸ್ವಾತಂತ್ರ್ಯಕ್ಕೂ ಮೊದಲು ಬೋಧಕರ ಜೀವ, ಗ್ರಂಥಾಲಯ, ವಿದ್ಯಾರ್ಥಿಗಳ ದಾಖಲೆಗಳು ಉಳಿದಿವೆಯೇ ಎಂಬುದನ್ನು ವಿಚಾರಿಸಬೇಕು.

ಪ್ರಕಟಿಸುವ ಮುನ್ನ ವಿದ್ಯಾರ್ಥಿಗಳ ಹೆಸರು, ಊರು, ಭಾವಚಿತ್ರಗಳನ್ನು ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಬಳಸಬೇಡಿ. ಒಪ್ಪಿಗೆಯಿದ್ದರೂ, ಆ ವಿವರದಿಂದ ಅವರು ಬಂಧನಕ್ಕೆ ಗುರಿಯಾಗಬಹುದೆನಿಸಿದರೆ ಅದನ್ನು ಕೈಬಿಡಿ.