ದನಿ ಎಲ್ಲಿ ನಿಲ್ಲಬೇಕು: ಯುದ್ಧಕಾಲದ ವರದಿಗಾರರಿಂದ ನಾನು ಕಲಿತದ್ದು

ಸಾಕ್ಷ್ಯಚಿತ್ರಗಳಿಗೆ ಹಿನ್ನೆಲೆ ದನಿ ಕೊಡೋದು ನನ್ನ ಕೆಲಸ. ಕಾಮೆಂಟರಿಯನ್ನೂ ಹೆಚ್ಚಾಗಿ ನಾನೇ ಬರೆಯುತ್ತೇನೆ. ಇದನ್ನು ನನಗೆ ಕಲಿಸಿದ್ದು ಎರಡನೇ ಮಹಾಯುದ್ಧದ ಕಾಲದ ಚಿತ್ರಗಳು. ಆಗ ಟಿವಿ ಮನೆಮನೆಗೆ ಬಂದಿರಲಿಲ್ಲ. ರೇಡಿಯೋದಲ್ಲಿ ಸುದ್ದಿ ಓದುವವರನ್ನು, ಹೆಸರಾದ ವರದಿಗಾರರನ್ನು ಕರೆಸಿ ಚಿತ್ರಕ್ಕೆ ಮಾತಾಡಿಸುತ್ತಿದ್ದರು. ಜನರಿಗೆ ಅವರ ಮೇಲೆ ಮೊದಲೇ ನಂಬಿಕೆ ಇತ್ತು.

ನಾನು ಬಿಡಿಸಿ ಬಿಡಿಸಿ ನೋಡಿದ್ದು 1940ರ ‘ಲಂಡನ್ ಕ್ಯಾನ್ ಟೇಕ್ ಇಟ್’. ಜರ್ಮನಿಯ ಬಾಂಬ್ ದಾಳಿಯ ನಡುವೆ ಲಂಡನ್ನಿನ ಜನ ಹೇಗೆ ದಿನ ಕಳೆದರು ಅಂತ ತೋರಿಸುವ, ಹತ್ತು ನಿಮಿಷದ ಆಸುಪಾಸಿನ ಚಿತ್ರ. ನಿರ್ದೇಶನ ಹ್ಯಾರಿ ವಾಟ್ ಮತ್ತು ಹಂಫ್ರಿ ಜೆನ್ನಿಂಗ್ಸ್. ಮಾತು ಅಮೆರಿಕದ ವರದಿಗಾರ ಕ್ವೆಂಟಿನ್ ರೆನಾಲ್ಡ್ಸ್ ಅವರದು. ಮೊದಲು ಸದ್ದು ಪೂರ್ತಿ ಬಂದ್ ಮಾಡಿ ನೋಡಿದೆ. ಸಂಜೆ ಕೆಲಸ ಬಿಟ್ಟು ಹೊರಟ ಜನ, ರಾತ್ರಿ ಸರ್ಚ್‌ಲೈಟು, ಬೆಳಿಗ್ಗೆ ಒಡೆದ ಗಾಜಿನ ನಡುವೆ ಮತ್ತೆ ಕೆಲಸಕ್ಕೆ ಹೊರಟವರು. ಇಷ್ಟು ಕಣ್ಣಿಗೇ ತಿಳಿಯುತ್ತದೆ, ಯಾರೂ ಹೇಳಬೇಕಿಲ್ಲ. ಆಮೇಲೆ ಬರೀ ಸದ್ದು ಕೇಳಿದೆ. ರೆನಾಲ್ಡ್ಸ್ ಎಲ್ಲಿ ಶುರು ಮಾಡುತ್ತಾರೆ, ಎಲ್ಲಿ ಫಿರಂಗಿಯ ಸದ್ದಿಗೆ ಜಾಗ ಬಿಟ್ಟು ಸುಮ್ಮನಾಗುತ್ತಾರೆ ಅಂತ ಸೆಕೆಂಡಿನ ಲೆಕ್ಕದಲ್ಲಿ ಗುರುತು ಹಾಕಿಕೊಂಡೆ. ಈ ಸದ್ದು ಹಾಲಿವುಡ್‌ನಲ್ಲಿ ಮಾಡಿದ್ದಲ್ಲ ಅಂತ ಅವರೇ ಹೇಳುತ್ತಾರೆ. ಅಷ್ಟು ಕೇಳಿದ ಮೇಲೆ ನಮ್ಮ ಕಿವಿ ತಾನಾಗಿ ಚುರುಕಾಗುತ್ತದೆ.

ಕೆನಡಾದ ಲೋರ್ನ್ ಗ್ರೀನ್ ಇದಕ್ಕೆ ತದ್ವಿರುದ್ಧ. ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ರೇಡಿಯೋದಲ್ಲಿ ಯುದ್ಧದ ಸುದ್ದಿ ಓದುತ್ತಿದ್ದವರು. ಅವರು ದನಿ ಕೊಟ್ಟ ‘ಚರ್ಚಿಲ್ಸ್ ಐಲ್ಯಾಂಡ್’ಗೆ ಕಿರು ಸಾಕ್ಷ್ಯಚಿತ್ರದ ಮೊದಲ ಆಸ್ಕರ್ ಬಂತು. ಆ ಗಡಸು ದನಿ ನನಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ, ನೋಡುವವರಿಗೆ ಯೋಚಿಸಲು ಬಿಡುವೇ ಕೊಡುವುದಿಲ್ಲ. ಆದರೆ ಅವರ ಒಂದು ಉಪಾಯ ನನಗೆ ದಿನಾ ಬೇಕು. ಎಷ್ಟು ಸಮಯ ಉಳಿದಿದೆ ಅಂತ ಕಾಣಲಿ ಎಂದು ಅವರು ಹಿಂದಕ್ಕೆ ಎಣಿಸುವ ಸ್ಟಾಪ್‌ವಾಚ್ ಕಂಡುಹಿಡಿದಿದ್ದರು. ನಾನು ಮೊಬೈಲಿನ ಟೈಮರ್ ಇಟ್ಟುಕೊಳ್ಳುತ್ತೇನೆ. ಎಂಟು ಸೆಕೆಂಡಿನ ಶಾಟ್‌ಗೆ ಐದು ಸೆಕೆಂಡಿನ ಮಾತು ಬರೆಯುತ್ತೇನೆ.

ಮನಸ್ಸಿಗೆ ನಾಟಿದವರು ಮಾತ್ರ ಅಮೆರಿಕದ ರೇಡಿಯೋ ವರದಿಗಾರ ಎಡ್ವರ್ಡ್ ಮರೋ. ಲಂಡನ್ನಿನ ಮಾಳಿಗೆ ಮೇಲೆ ನಿಂತು, ಬಾಂಬ್ ದಾಳಿಯನ್ನು ರೇಡಿಯೋದಲ್ಲಿ ಮಾತಿನಲ್ಲೇ ಕಾಣಿಸಿದವರು. 1952ರ ಡಿಸೆಂಬರಿನಲ್ಲಿ ಟಿವಿಗಾಗಿ, ಯುದ್ಧ ನಡೆಯುತ್ತಿದ್ದ ಕೊರಿಯಾಕ್ಕೆ ಹೋದಾಗ ಅದೇ ಮನುಷ್ಯ ಪಕ್ಕಕ್ಕೆ ಸರಿದು ನಿಂತರು. ಹೆಪ್ಪುಗಟ್ಟಿದ ನೆಲವನ್ನು ಸೈನಿಕನೊಬ್ಬ ಅಗೆಯುತ್ತಾನೆ. ಸಲಿಕೆ ಬಡಿಯುವ ಸದ್ದು ನಮಗೆ ಕೇಳುತ್ತದೆ. ನೆಲ ಎಷ್ಟು ಗಟ್ಟಿ ಅಂತ ಹೇಳಲು ಇನ್ನೇನು ಬೇಕು?

ಕೊಡಗಿನ ನಿವೃತ್ತ ಹವಾಲ್ದಾರರೊಬ್ಬರ ಚಿತ್ರಕ್ಕೆ ಕೆಲಸ ಮಾಡುವಾಗ ಇದು ನೆನಪಿತ್ತು. ಅವರು ಕಬ್ಬಿಣದ ಟ್ರಂಕು ತೆಗೆಯುತ್ತಾರೆ. ಕೊಂಡಿ ತುಕ್ಕು ಹಿಡಿದಿದೆ, ಎರಡೂ ಹೆಬ್ಬೆರಳು ಒತ್ತಿ ಎಬ್ಬಿಸಬೇಕು. 1971ರ ಯುದ್ಧದ ಮಾತನ್ನೆಲ್ಲ ಅದಕ್ಕೂ ಹಿಂದಿನ ಶಾಟ್‌ನಲ್ಲೇ ಮುಗಿಸಿದೆ. ಕೊಂಡಿ ಕಿರ್ರ್ ಅಂದು ಬಿಡುವವರೆಗೂ ನನ್ನ ದನಿ ಇಲ್ಲ. ಇಲ್ಲಿ ಸಂಗೀತ ಹಾಕೋಣವೇ ಅಂತ ಎಡಿಟರ್ ಕೇಳಿದರು. ಬೇಡ ಸಾರ್, ಅಂದೆ.

ರೆನಾಲ್ಡ್ಸ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ತಾನು ತಟಸ್ಥ ವರದಿಗಾರ ಅನ್ನುತ್ತಾರೆ. ಚಿತ್ರ ಮಾಡಿಸಿದ್ದು ಮಾತ್ರ ಬ್ರಿಟಿಷ್ ಸರ್ಕಾರ, ಇನ್ನೂ ಯುದ್ಧಕ್ಕೆ ಇಳಿಯದ ಅಮೆರಿಕದವರ ಮನ ಒಲಿಸಲು. ಅವರು ಕಣ್ಣಾರೆ ಕಂಡದ್ದನ್ನೇ ಹೇಳಿರಬಹುದು. ಆದರೂ ದುಡ್ಡು ಯಾರದು ಅಂತ ನೋಡುವವರಿಗೆ ಗೊತ್ತಿರಬೇಕು ಅಲ್ವಾ? ಅದಕ್ಕೇ, ಇಲಾಖೆಗೋ ಕಂಪನಿಗೋ ಮಾಡಿದ ಚಿತ್ರವಾದರೆ ಶುರುವಿನಲ್ಲೇ ಅದನ್ನು ತೆರೆ ಮೇಲೆ ಹಾಕಿ ಅಂತ ಕೇಳುತ್ತೇನೆ. ಒಪ್ಪದಿದ್ದರೆ ‘ನಾನು ಕಂಡ ಹಾಗೆ’ ಅನ್ನುವ ಧಾಟಿ ಬಿಟ್ಟು, ‘ಇಲಾಖೆ ಹೇಳುವ ಪ್ರಕಾರ’ ಅಂತಲೇ ಓದುತ್ತೇನೆ.